ಗರಸು ಗುಂಡಿಯಲ್ಲಿ ಏನೇನು ಬಂತು: ಹಿಂಗಾರು ವರದಿ

ಹೊಸದಾಗಿ ಓದುವವರಿಗೆ ಮೊದಲು ಜಾಗದ ಪರಿಚಯ. ಶಿರಾ ಕಡೆಯ ನಮ್ಮ ಜಮೀನಿನ ಒಂದು ತುದಿಯಲ್ಲಿ ರಸ್ತೆ ಕೆಲಸಕ್ಕೆ ಗರಸು ತೆಗೆದ ಗುಂಡಿ ಇದೆ. ಮೇಲ್ಮಣ್ಣು ಪೂರ್ತಿ ಹೋಗಿದೆ. ಅದಕ್ಕೆ ತಾಗಿಕೊಂಡೇ ರಾಗಿ ಬೆಳೆಯುತ್ತಿದ್ದ ಹೊಲ, ಈಗ ಬೀಳು. ಎರಡಕ್ಕೂ ಒಂದೇ ಬೇಲಿ, ಒಂದೇ ಮಳೆ. ವರ್ಷಕ್ಕೆ 600 ಮಿ.ಮೀ. ಆಸುಪಾಸು, ಅದೂ ಬಂದರೆ. ಕುರಿ ಮೇಕೆ ನುಗ್ಗದ ಹಾಗೆ ಕಾಯುತ್ತೇವೆ, ಬಳ್ಳಾರಿ ಜಾಲಿ ಕಂಡರೆ ಕೀಳುತ್ತೇವೆ. ಮಿಕ್ಕಂತೆ ಏನೂ ನೆಡುವುದಿಲ್ಲ. ಬಂದದ್ದನ್ನು ಬರೆದುಕೊಳ್ಳುವುದಷ್ಟೇ ಕೆಲಸ.

ಬೀಳು ಹೊಲ

ಇಲ್ಲಿ ಹೇಳಲು ಜಾಸ್ತಿ ಇಲ್ಲ. ಮಣ್ಣಿನಲ್ಲಿ ಹಳೇ ಬೀಜ, ಹಳೇ ಬೇರು ಇದ್ದವು. ಮೊದಲ ಮಳೆಗೇ ಕಾಂಗ್ರೆಸ್ ಗಿಡ, ಉತ್ತರಾಣಿ, ಗರಿಕೆ ಎದ್ದವು. ಈಗ ಕಾಂಗ್ರೆಸ್ ಗಿಡ ಹಿಂದೆ ಸರಿದಿದೆ, ಹುಲ್ಲಿನದೇ ಮೇಲುಗೈ. ಬೇಲಿ ಸಾಲಿನಲ್ಲಿ ಬೇವು, ಹೊಂಗೆ ಸೊಂಟದೆತ್ತರ ಬಂದಿವೆ.

ಗುಂಡಿ

ನನ್ನ ಆಸಕ್ತಿಯೆಲ್ಲ ಇಲ್ಲೇ. ಬೀಜವೂ ಇಲ್ಲದ, ಮಣ್ಣೂ ಇಲ್ಲದ ನೆಲ ಎಲ್ಲಿಂದ ಶುರು ಮಾಡುತ್ತದೆ?

ಮೊದಲು ಬಂದದ್ದು ಗಿಡವೇ ಅಲ್ಲ. ನೀರು ನಿಂತು ಇಂಗುವ ತಗ್ಗುಗಳಲ್ಲಿ ನೆಲ ಕಪ್ಪಾಯಿತು. ಯಾರೋ ಗಾಡಿ ಎಣ್ಣೆ ಚೆಲ್ಲಿದ್ದಾರೆ ಅಂತ ಮನೆಯವರೆಲ್ಲ ಬೈದರು. ಮಳೆ ಬಿದ್ದ ಸ್ವಲ್ಪ ಹೊತ್ತಿಗೆ ಆ ಕಪ್ಪೇ ಹಸಿರಿಗೆ ತಿರುಗಿತು. ಅದು ಸಯನೋಬ್ಯಾಕ್ಟೀರಿಯಾ, ಗಿಡದ ಹಾಗೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಸೂಕ್ಷ್ಮಜೀವಿ. ನೂಲಿನಂಥ ಅದರ ಎಳೆಗಳ ಮೇಲೆ ಅಂಟು ಇರುತ್ತದೆ. ಆ ಅಂಟು ಮರಳಿನ ಕಣಗಳನ್ನು ಹಿಡಿದು ತೆಳ್ಳನೆಯ ಹೊಪ್ಪಳೆ ಕಟ್ಟುತ್ತದೆ. ಗಾಳಿಯ ಸಾರಜನಕವನ್ನು ನೆಲಕ್ಕಿಳಿಸುವ ಜಾತಿಗಳೂ ಇವುಗಳಲ್ಲಿವೆ. ಕಾಲಿಟ್ಟರೆ ಪುಡಿ. ಹಾಗಾಗಿ ಕಲ್ಲಿಟ್ಟು ಒಂದೇ ದಾರಿ ಮಾಡಿ, ಅದರಲ್ಲೇ ಓಡಾಡುತ್ತೇವೆ.

ಆಮೇಲೆ ಹಂಚಿ ಹುಲ್ಲು, ಕೊಗ್ಗಿ. ಹಸಿರು ಗೊಬ್ಬರಕ್ಕೆ ಬಳಸುವ ಕೊಗ್ಗಿಯೇ. ಈ ಸಲ ಒಂದನ್ನು ಕಿತ್ತು, ಬೇರಿನ ಗಂಟು ಸೀಳಿ ನೋಡಿದೆ. ಒಳಗೆ ಗುಲಾಬಿ ಬಣ್ಣ. ಅಂದರೆ ಗಂಟಿನೊಳಗಿನ ಬ್ಯಾಕ್ಟೀರಿಯಾ ಸಾರಜನಕ ಹಿಡಿಯುತ್ತಿವೆ. ಅಮೆರಿಕದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ 1980ರ ಮೇ 18ರಂದು ಸಿಡಿದ ಮೇಲೆ, ಬರೀ ನೊರೆಗಲ್ಲು ಉಳಿದ ಬಯಲಿಗೆ ಮೊದಮೊದಲು ಬಂದ ಗಿಡಗಳಲ್ಲಿ ಲೂಪಿನ್ ಒಂದು. ಅದೂ ಕೊಗ್ಗಿಯ ಹಾಗೆ ಅವರೆ ಕುಟುಂಬದ್ದೇ, ಬೇರಲ್ಲಿ ಗಂಟಿರುವಂಥದ್ದು. ತಂಗಡಿಯೂ ಅದೇ ಕುಟುಂಬ ಅಲ್ವಾ ಅಂತ ಅದರ ಬೇರನ್ನೂ ಕೆದಕಿದೆ. ಗಂಟಿಲ್ಲ. ತಂಗಡಿಗೆ ಆ ವಿದ್ಯೆ ಬರುವುದಿಲ್ಲ. ಅದರ ಬಲ ಬೇರೆ. ಬೇಸಿಗೆಯಲ್ಲಿ ಬೇಲಿ ಹರಿದು ಮೇಕೆ ನುಗ್ಗಿದಾಗ ಎಲ್ಲವೂ ಬೋಳಾಯಿತು, ತಂಗಡಿ ಮತ್ತು ಬಂದರಿಕೆ ಮಾತ್ರ ಹಾಗೇ ನಿಂತಿದ್ದವು.

ಈಗ ಎಲಚಿ, ಕವಳಿಯ ಕಾಲ. ನೋಡಿದವರೆಲ್ಲ "ಜೆಸಿಬಿ ತರಿಸಿ, ಈ ಮುಳ್ಳು ತೆಗೆಸಿ, ನಾಲ್ಕು ಗಿಡ ನೆಡಿ" ಅಂತಾರೆ. ನಾನು ಒಪ್ಪುವುದಿಲ್ಲ. ನಾಲ್ಕು ಗಿಡ ಬರುವುದೇ ಆ ಮುಳ್ಳಿನಿಂದ. ಪಿಕಳಾರ ಬಂದು ಎಲಚಿ ಮೇಲೆ ಕೂರುತ್ತದೆ, ಬೇರೆಲ್ಲೋ ತಿಂದ ಹಣ್ಣಿನ ಬೀಜ ಇಲ್ಲಿ ಉದುರಿಸುತ್ತದೆ. ಬುಡದಲ್ಲಿ ನೆರಳಿದೆ. ಮಳೆನೀರು ತಂದ ಮೆಕ್ಕಲು ಅಲ್ಲೇ ತಡೆದು ನಿಲ್ಲುತ್ತದೆ. ಉದುರಿದ ಎಲೆಯನ್ನು ಗೆದ್ದಲು ಮಣ್ಣಿಗೆ ಎಳೆಯುತ್ತದೆ. ಮೇಕೆ ಬಂದರೂ ಮೂತಿ ತೂರಿಸಲು ಆಗುವುದಿಲ್ಲ. ಗುಂಡಿಯಲ್ಲಿ ಸಿಕ್ಕ ಬೇವಿನ ಸಸಿಗಳೆಲ್ಲ ಪೊದೆಯ ಬುಡದಲ್ಲೇ ಇದ್ದವು. ಬಯಲಲ್ಲಿ ಒಂದೂ ಇಲ್ಲ.

ಈ ಸಲದ ದೊಡ್ಡ ಸುದ್ದಿ: ಒಂದು ಎಲಚಿ ಬುಡದಲ್ಲಿ ಶ್ರೀಗಂಧ ಹುಟ್ಟಿದೆ. ಶ್ರೀಗಂಧದ ಬೇರು ಪಕ್ಕದ ಗಿಡದ ಬೇರಿಗೆ ಅಂಟಿಕೊಂಡು ನೀರು, ಲವಣ ಹೀರುತ್ತದೆ. ಶ್ರೀಗಂಧ ಬೆಳೆಯುವ ರೈತರು ಪಕ್ಕದಲ್ಲೇ ತೊಗರಿ ಹಾಕುವುದು ಇದಕ್ಕೇ. ಅಂದರೆ ಖಾಲಿ ನೆಲಕ್ಕೆ ಮೊದಲು ಬಂದು ಬದುಕುವ ಮರವೇ ಅಲ್ಲ ಅದು. ಅದಕ್ಕೂ ಮುಂಚೆ ಯಾರಾದರೂ ಬಂದು ಬೇರು ಬಿಟ್ಟಿರಬೇಕು.

ಇದು ಕಾಡಾಗುವುದು ಯಾವಾಗ?

ಬಂದವರೆಲ್ಲ ಕೇಳುವ ಪ್ರಶ್ನೆ. ಮಲೆನಾಡಿನಂಥ ಕಾಡು ಈ ಮಳೆಗೆ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ನಮ್ಮ ಪಕ್ಕದ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಹುಲ್ಲುಗಾವಲು ಇರುವುದರಿಂದಲೇ ಕೃಷ್ಣಮೃಗಗಳಿವೆ. ನಮ್ಮಲ್ಲಿ ಕುರುಚಲು ಕಾಡು, ನಡುನಡುವೆ ಹುಲ್ಲು ನಿಂತರೆ ಅದೇ ಪೂರ್ತಿ ಬೆಳೆದ ಸ್ಥಿತಿ ಅಂದುಕೊಂಡಿದ್ದೇನೆ.

ಹವಾಮಾನ ಒಂದೇ ಆದರೆ ಕೊನೆಗೆ ಬಂದು ನಿಲ್ಲುವ ಸಸ್ಯ ಸಮುದಾಯವೂ ಒಂದೇ ಅಂತ ಅಮೆರಿಕದ ಸಸ್ಯವಿಜ್ಞಾನಿ ಫ್ರೆಡರಿಕ್ ಕ್ಲೆಮೆಂಟ್ಸ್ 1916ರಲ್ಲಿ ವಾದಿಸಿದ್ದರು. ಹಾಗೇನಿಲ್ಲ, ಪ್ರತಿ ಜಾತಿಯೂ ತನ್ನ ಪಾಡಿಗೆ ತಾನು ಬರುತ್ತದೆ, ಯಾರ ಬೀಜ ಮೊದಲು ಬಿತ್ತು ಅನ್ನುವುದೂ ಮುಖ್ಯ ಅಂತ 1926ರಲ್ಲಿ ಅಲ್ಲಿಯವರೇ ಆದ ಇನ್ನೊಬ್ಬ ಸಸ್ಯವಿಜ್ಞಾನಿ ಹೆನ್ರಿ ಗ್ಲೀಸನ್ ಹೇಳಿದರು. ಒಂದೇ ಬೇಲಿಯೊಳಗಿನ ನಮ್ಮ ಎರಡು ತುಂಡು ಸದ್ಯಕ್ಕೆ ಗ್ಲೀಸನ್ ಪಕ್ಷ. ಮುಂದೆ ಎರಡೂ ಒಂದೇ ಥರ ಆಗುತ್ತವೋ ನೋಡಬೇಕು.

ಮುಂದಿನ ಕೆಲಸ: ಬೆಂಕಿ ಬಿದ್ದರೆ ಒಳಗೆ ಹಬ್ಬದ ಹಾಗೆ ಬೇಲಿಯುದ್ದಕ್ಕೂ ಬೆಂಕಿ ದಾರಿ ಸವರುವುದು. ಪೊರಕೆಗೆ ಹಂಚಿ ಕಡ್ಡಿ ಕೇಳಿದವರಿಗೆ ಹೂಂ ಅಂದಿದ್ದೇನೆ, ಬೀಜ ಉದುರಿದ ಮೇಲೆ ಕೊಯ್ಯಬೇಕು ಅನ್ನುವ ಷರತ್ತಿನ ಮೇಲೆ.