ಓಗ್ಬೆಚೆ: ಊರೂರು ಸುತ್ತಿದ ಸ್ಟ್ರೈಕರ್, ಐಎಸ್‌ಎಲ್‌ನಲ್ಲಿ 63 ಗೋಲು

2024ರ ಸೆಪ್ಟೆಂಬರ್ 28ರಂದು ಕಂಠೀರವದಲ್ಲಿ ಮೋಹನ್ ಬಗಾನ್ ವಿರುದ್ಧ ಸುನಿಲ್ ಛೆಟ್ರಿ ಪೆನಾಲ್ಟಿ ಹೊಡೆದಾಗ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್‌ನಲ್ಲಿ ಅವನ ಗೋಲುಗಳ ಲೆಕ್ಕ 64ಕ್ಕೆ ಏರಿತು. ಅಲ್ಲಿಯವರೆಗೆ ಪಟ್ಟಿಯ ತುದಿಯಲ್ಲಿದ್ದವನು 63 ಗೋಲಿನ ಬಾರ್ತಲೊಮ್ಯು ಓಗ್ಬೆಚೆ. ಛೆಟ್ರಿ ಅಲ್ಲಿಗೆ ಮುಟ್ಟಲು 150ಕ್ಕೂ ಹೆಚ್ಚು ಪಂದ್ಯ ಬೇಕಾದವು, ಓಗ್ಬೆಚೆಗೆ ನೂರೂ ಬೇಕಾಗಲಿಲ್ಲ. ಹಾಗಂತ ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕುವಂತಿಲ್ಲ. ಛೆಟ್ರಿ ಬೆಂಗಳೂರು ಎಫ್‌ಸಿಗೆ ಎಷ್ಟೋ ಪಂದ್ಯ ಎಡಬದಿಯಿಂದ ಆಡಿದವನು, ನಡುವೆ ಸ್ಟ್ರೈಕರ್ ಮಿಕು ಇರುತ್ತಿದ್ದ. ಓಗ್ಬೆಚೆ ಅಪ್ಪಟ ನಂಬರ್ 9, ಅಂದರೆ ಎದುರಾಳಿ ಗೋಲಿನ ಮುಂದೆ ನಡುವೆಯೇ ಆಡುವ ಸ್ಟ್ರೈಕರ್. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. 34ರ ಹೊಸ್ತಿಲಲ್ಲಿ ಭಾರತಕ್ಕೆ ಬಂದವನಿಗೆ, ಯುರೋಪಿನಲ್ಲಿ ಇಪ್ಪತ್ತರ ಪ್ರಾಯದಲ್ಲಿ ಸಿಗದ ಗೋಲುಗಳು ಇಲ್ಲಿ ಹೇಗೆ ಸಿಕ್ಕವು?

ಇಲ್ಲಿನ ಲೀಗ್ ಸುಲಭ ಅಂತ ಒಂದೇ ಮಾತಲ್ಲಿ ಮುಗಿಸುವವರಿದ್ದಾರೆ. ಅದರಲ್ಲಿ ಅರ್ಧ ನಿಜ. ಉಳಿದರ್ಧಕ್ಕೆ ಅವನು ಸುತ್ತಿದ ದಾರಿ ನೋಡಬೇಕು.

ಹುಟ್ಟಿದ್ದು 1984ರ ಅಕ್ಟೋಬರ್ 1, ನೈಜೀರಿಯಾದ ಕ್ರಾಸ್ ರಿವರ್ ರಾಜ್ಯದ ಒಗೋಜಾದಲ್ಲಿ. ಹದಿಹರೆಯದಲ್ಲೇ ಪ್ಯಾರಿಸ್ ಸೇಂಟ್ ಜರ್ಮೈನ್ ಸೇರಿದ. ಆಗಿನ ಪಿಎಸ್‌ಜಿ ಈಗಿನಂತೆ ದುಡ್ಡಿನ ಹೊಳೆಯಲ್ಲ, ಆದರೆ ರೊನಾಲ್ಡಿನೊ, ಜೇ ಜೇ ಒಕೋಚಾ ಆಡುತ್ತಿದ್ದ ತಂಡ. 2002ರ ವಿಶ್ವಕಪ್‌ನಲ್ಲಿ ನೈಜೀರಿಯಾ ಬಿದ್ದದ್ದು ಅರ್ಜೆಂಟೀನಾ, ಸ್ವೀಡನ್, ಇಂಗ್ಲೆಂಡ್ ಇದ್ದ ಗುಂಪಿಗೆ. ಬಟಿಸ್ಟೂಟಾನ ಒಂದೇ ಗೋಲಿಗೆ ಸೋತ ಅರ್ಜೆಂಟೀನಾ ಪಂದ್ಯದಲ್ಲಿ ಕಣಕ್ಕಿಳಿದಾಗ ಓಗ್ಬೆಚೆಗೆ ಇನ್ನೂ 17. ಅಷ್ಟು ಬೇಗ ಮೇಲೇರಿದವನ ದೇಶದ ಪರ ಆಟ ಅಷ್ಟೇ ಬೇಗ ಮುಗಿಯಿತು: ಒಟ್ಟು 11 ಪಂದ್ಯ, 3 ಗೋಲು.

ಪಿಎಸ್‌ಜಿಯಲ್ಲಿ ಜಾಗ ಸಿಗದೆ ಬಾಸ್ಟಿಯಾ, ಮೆಟ್ಜ್‌ಗಳಿಗೆ ಎರವಲು ಹೋದ. 2005ರಲ್ಲಿ ಯುಎಇಯ ಅಲ್ ಜಜೀರಾ. ಮುಂದೆ ಸ್ಪೇನ್‌ನಲ್ಲಿ ಅಲಾವೆಸ್, ವಯ್ಯಾದೊಲಿದ್, ಕಾದಿಜ್. ಅಲ್ಲಿಂದ ಗ್ರೀಸ್‌ನ ಕವಾಲಾ, ಇಂಗ್ಲೆಂಡಿನ ಮಿಡಲ್ಸ್‌ಬ್ರೊ, ಮತ್ತೆ ಸ್ಪೇನ್‌ನ ಹೆರೆಸ್. ಹಾಲೆಂಡಿನಲ್ಲಿ ಲೀವಾರ್ಡನ್ ಊರಿನ ಕಾಂಬೂರ್, ಟಿಲ್‌ಬರ್ಗ್‌ನ ವಿಲೆಮ್ 2.

ಈ ಸುತ್ತಾಟವನ್ನು ಚಂಚಲತೆ ಅಂದುಕೊಳ್ಳಬೇಡಿ. ಕವಾಲಾ ಪ್ರಕರಣ ನೋಡಿ. 2011ರಲ್ಲಿ ಗ್ರೀಸ್‌ನ ಮ್ಯಾಚ್ ಫಿಕ್ಸಿಂಗ್ ಹಗರಣದಲ್ಲಿ ಆ ಕ್ಲಬ್ಬನ್ನೇ ಮೇಲಿನ ಲೀಗ್‌ನಿಂದ ಹೊರಹಾಕಿದರು. ಸೀಸನ್ ಶುರುವಾಗುವ ಹೊತ್ತಿಗೆ ಹೀಗಾದರೆ ಆಟಗಾರನ ಪಾಡೇನು? ಮಿಡಲ್ಸ್‌ಬ್ರೊ ಅವನನ್ನು ತೆಗೆದುಕೊಂಡದ್ದು ಅಕ್ಟೋಬರ್‌ನಲ್ಲಿ, ವರ್ಗಾವಣೆಯ ಕಿಟಕಿ (ಕ್ಲಬ್ಬುಗಳು ಆಟಗಾರರನ್ನು ಕೊಳ್ಳಲು ಇರುವ ಅವಧಿ) ಮುಚ್ಚಿದ ಮೇಲೆ. ಯಾವ ಕ್ಲಬ್ಬಿನ ಒಪ್ಪಂದವೂ ಇಲ್ಲದ ಆಟಗಾರನನ್ನು ಇಂಗ್ಲೆಂಡಿನಲ್ಲಿ ಕಿಟಕಿ ಮುಚ್ಚಿದ ನಂತರವೂ ಸೇರಿಸಿಕೊಳ್ಳಬಹುದು. ಬಾಗಿಲು ತೆರೆದಿರುತ್ತದೆ, ಆದರೆ ಅಷ್ಟರಲ್ಲಿ ತಂಡ ಕಟ್ಟಿ ಆಗಿರುತ್ತದೆ. ಸಿಗುವುದು ಬೆಂಚು, ಕೊನೆಯ ಇಪ್ಪತ್ತು ನಿಮಿಷ.

ಒಪ್ಪಂದ ಮುಗಿಸಿಕೊಂಡು ಹೋಗುವ ಸ್ಟ್ರೈಕರ್‌ನ ಲೆಕ್ಕವೇ ಬೇರೆ. ಹೊಸ ಕ್ಲಬ್ಬು ಹಳೆಯ ಕ್ಲಬ್ಬಿಗೆ ಕಾಸು ಕೊಡಬೇಕಿಲ್ಲ, ಹಾಗಾಗಿ ಸಂಬಳದಲ್ಲಿ, ಸಹಿ ಹಣದಲ್ಲಿ ಒಂದಿಷ್ಟು ಹೆಚ್ಚು ಕೇಳಬಹುದು. ನಷ್ಟ ಯಾರಿಗೆ ಅಂದರೆ ಅವನನ್ನು ಬೆಳೆಸಿದವರಿಗೆ. ವರ್ಗಾವಣೆ ಶುಲ್ಕದ ಶೇ. 5ರಷ್ಟನ್ನು ಆಟಗಾರನ 12ರಿಂದ 23ರ ವಯಸ್ಸಿನ ನಡುವಿನ ತರಬೇತಿ ಕ್ಲಬ್ಬುಗಳಿಗೆ ಹಂಚಬೇಕು ಅನ್ನುತ್ತದೆ ಫಿಫಾ ನಿಯಮ. ಶುಲ್ಕವೇ ಸೊನ್ನೆಯಾದರೆ ಹಂಚಲು ಏನಿದೆ?

2018ರಲ್ಲಿ ಗುವಾಹಟಿಯ ನಾರ್ತ್‌ಈಸ್ಟ್ ಯುನೈಟೆಡ್. ಕೋಚ್ ಹಾಲೆಂಡಿನ ಎಲ್ಕೊ ಶಟೋರಿ, ನಾಯಕನ ಪಟ್ಟಿ ಓಗ್ಬೆಚೆಗೆ. ಅಕ್ಟೋಬರ್‌ನಲ್ಲಿ ಚೆನ್ನೈನಲ್ಲಿ 1-3 ಹಿಂದಿದ್ದ ತಂಡ ಅವನ ಮೊದಲಾರ್ಧದ ಹ್ಯಾಟ್ರಿಕ್‌ನಿಂದ ಸಮ ಮಾಡಿ 4-3ರಲ್ಲಿ ಗೆದ್ದಿತು. ಆ ಸೀಸನ್ 12 ಗೋಲು, ಕ್ಲಬ್ಬಿಗೆ ಮೊದಲ ಸಲ ಸೆಮಿಫೈನಲ್. ಬೆಂಗಳೂರು ವಿರುದ್ಧದ ಎರಡು ಪಂದ್ಯಗಳ ಆ ಸೆಮಿಫೈನಲ್‌ನಲ್ಲಿ ಗುವಾಹಟಿಯ ಮೊದಲ ಪಂದ್ಯ (ಲೆಗ್) 2-1 ಗೆದ್ದರೂ ಓಗ್ಬೆಚೆ ಅಲ್ಲೇ ಗಾಯಗೊಂಡ. ಕಂಠೀರವದ ಎರಡನೇ ಲೆಗ್‌ಗೆ ಅವನಿಲ್ಲ. ಬೆಂಗಳೂರು 3-0, ಮುಂದೆ ಚಾಂಪಿಯನ್. ಅವನಿದ್ದಿದ್ದರೆ ಕತೆ ಬೇರೆ ಅಂತ ಗುವಾಹಟಿಯವರು ಹೇಳಿದರೆ ನಮ್ಮವರು ಸುಮ್ಮನೆ ಕೇಳಿಸಿಕೊಳ್ಳುವುದು ಒಳ್ಳೆಯದು.

ಶಟೋರಿ ಕೇರಳ ಬ್ಲಾಸ್ಟರ್ಸ್‌ಗೆ ಹೋದಾಗ ಇವನೂ ಹಿಂದೆಯೇ ಹೋದ. 2019-20ರಲ್ಲಿ 15 ಗೋಲು. ಬೇರೆ ತಂಡಗಳ ರಾಯ್ ಕೃಷ್ಣ, ವಾಲ್ಸ್ಕಿಸ್ ಕೂಡ ಹದಿನೈದೇ ಹೊಡೆದಿದ್ದರು, ಅತಿ ಹೆಚ್ಚು ಗೋಲಿಗೆ ಕೊಡುವ ಚಿನ್ನದ ಬೂಟು ವಾಲ್ಸ್ಕಿಸ್ ಪಾಲಾಯಿತು. ಕೊಚ್ಚಿಯಲ್ಲಿ ಬೆಂಗಳೂರನ್ನು ಬ್ಲಾಸ್ಟರ್ಸ್ ಮೊದಲ ಬಾರಿಗೆ ಮಣಿಸಿದ್ದೂ ಆಗಲೇ: 2-1, ಎರಡೂ ಓಗ್ಬೆಚೆಯವೇ. ಆದರೆ ಅದೇ ತಿಂಗಳ ಮೊದಲ ದಿನ ಅವನು ಹ್ಯಾಟ್ರಿಕ್ ಹೊಡೆದ ಪಂದ್ಯವನ್ನು ಕೇರಳ 3-6ರಲ್ಲಿ ಚೆನ್ನೈಯಿನ್‌ಗೆ ಸೋತಿತ್ತು. ಡಿಫೆಂಡರ್ ಸಂದೇಶ್ ಜಿಂಗನ್ ಮಂಡಿ ಗಾಯದಿಂದ ಇಡೀ ಸೀಸನ್ ಹೊರಗಿದ್ದ, ಹಿಂದಿನ ಸಾಲು ವಾರಕ್ಕೊಂದು ಥರ. ಮುಂದೆ ಎಷ್ಟು ಹೊಡೆದರೇನು, ಹಿಂದೆ ತೂತು.

ಈಗ ಅವನ ಆಟದ ವಿಷಯ. ವೇಗ ಅಷ್ಟರಲ್ಲಿ ಕರಗಿತ್ತು. ಡಿಫೆಂಡರನ ಜೊತೆ ಓಟದ ಪಂದ್ಯಕ್ಕೆ ಅವನು ಇಳಿಯುತ್ತಲೇ ಇರಲಿಲ್ಲ. ಚೆಂಡು ಬಲಬದಿಯಲ್ಲಿದ್ದರೆ ದೂರದ ಸೆಂಟರ್‌ಬ್ಯಾಕ್‌ನ ಬೆನ್ನ ಹಿಂದೆ ನಿಲ್ಲುವುದು. ಚೆಂಡನ್ನೂ ತನ್ನನ್ನೂ ಒಟ್ಟಿಗೆ ನೋಡಲು ಆ ಡಿಫೆಂಡರನಿಗಾಗದಂತೆ. ಬದಿಯಿಂದ ಗೋಲಿನ ಮುಂದಕ್ಕೆ ಕ್ರಾಸ್ ಹೊರಟ ಮೇಲೆ ಎರಡೇ ಹೆಜ್ಜೆ, ಅದೂ ತಡವಾಗಿ. ಮುಂಚೆ ಹೆಜ್ಜೆಯಿಟ್ಟರೆ ಗುರುತು ಸಿಕ್ಕಿಬಿಡುತ್ತದೆ, ನಮ್ಮ ಹುಡುಗರು ಮಾಡುವ ತಪ್ಪು ಅದೇ. ಇಂಥ ಸ್ಟ್ರೈಕರ್‌ಗೆ ಬದಿಗಳಿಂದ ಚೆಂಡು ಬರುತ್ತಲೇ ಇರಬೇಕು. ಬರದಿದ್ದರೆ ಇದ್ದೂ ಇಲ್ಲದಂತೆ.

ಮುಂಬೈ ಸಿಟಿಯಲ್ಲಿ 2020-21ರಲ್ಲಿ ಅವನು ಹೊಡೆದದ್ದು 8 ಮಾತ್ರ, ಇನ್ನೊಬ್ಬ ಸ್ಟ್ರೈಕರ್ ಲೆ ಫಾಂಡ್ರ್ ಜೊತೆ ಜಾಗ ಹಂಚಿಕೊಳ್ಳಬೇಕಿತ್ತು. ಆದರೆ ಎಂಟರಲ್ಲಿ ಒಂದು, ಲೀಗ್ ಹಂತದಲ್ಲಿ ಮೊದಲು ಬಂದವರಿಗೆ ಸಿಗುವ ಶೀಲ್ಡ್ ನಿರ್ಧರಿಸಿದ ಎಟಿಕೆ ಮೋಹನ್ ಬಗಾನ್ ಪಂದ್ಯದ್ದು. ಅದೇ ಎದುರಾಳಿಯ ವಿರುದ್ಧ ಫೈನಲ್ 1-1ರಲ್ಲಿದ್ದಾಗ ಬದಲಿಯಾಗಿ ಬಂದ. 90ನೇ ನಿಮಿಷ, ಗೋಲಿ ಅರಿಂದಮ್ ಮುಂದೆ ಬಂದು ಚೆಂಡನ್ನು ಸರಿಯಾಗಿ ಹೊರಹಾಕಲಾಗದೆ ಒದ್ದಾಡಿದಾಗ ಅದು ಓಗ್ಬೆಚೆಯ ಕಾಲಿಗೆ ಸಿಕ್ಕಿತು. ಹೊಡೆದು ಹೀರೊ ಆಗುವ ಆಸೆ ಯಾವ ಸ್ಟ್ರೈಕರ್‌ಗಿಲ್ಲ? ಅವನು ಬಿಪಿನ್ ಸಿಂಗ್‌ಗೆ ತಳ್ಳಿದ, ಬಿಪಿನ್ ಬಲೆಗೆ ಹಾಕಿದ. 2-1.

2021-22ರಲ್ಲಿ ನಿಯಮ ಬದಲಾಯಿತು. ಅದುವರೆಗೆ ಐವರು ವಿದೇಶಿಯರು ಒಟ್ಟಿಗೆ ಆಡಬಹುದಿತ್ತು, ಆ ವರ್ಷದಿಂದ ನಾಲ್ಕೇ. ನಾಲ್ಕರಲ್ಲಿ ಒಂದನ್ನು 37ರ ಸ್ಟ್ರೈಕರ್‌ಗೆ ಕೊಡುವುದು ಜೂಜು. ಹೈದರಾಬಾದ್‌ನ ಮನೋಲೊ ಮಾರ್ಕೆಸ್‌ಗೆ ಅದು ಫಲಿಸಿದ್ದು ಎರಡೂ ಬದಿಯಲ್ಲಿ ಓಡುವ ಭಾರತೀಯ ಹುಡುಗರಿದ್ದುದರಿಂದ: ಎಡಕ್ಕೆ ಆಕಾಶ್ ಮಿಶ್ರಾ, ಬಲಕ್ಕೆ ಆಶಿಶ್ ರೈ. ಫಲ 18 ಗೋಲು, ಚಿನ್ನದ ಬೂಟು; ಈಸ್ಟ್ ಬೆಂಗಾಲ್ ವಿರುದ್ಧ 4-0ರಲ್ಲಿ ಹ್ಯಾಟ್ರಿಕ್. ಎಫ್‌ಸಿ ಗೋವಾದ ಕೊರೊಮಿನಾಸ್‌ ಹೆಸರಲ್ಲಿದ್ದ 48 ಐಎಸ್‌ಎಲ್ ಗೋಲುಗಳ ದಾಖಲೆ ಆ ಸೀಸನ್‌ನಲ್ಲೇ ಮುರಿಯಿತು. ಫೈನಲ್‌ನಲ್ಲಿ ಹಳೆಯ ಕ್ಲಬ್ಬು ಕೇರಳವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲಿಸಿ ಹೈದರಾಬಾದ್ ಕಪ್ ಎತ್ತಿತು. ಮರುವರ್ಷ ಇನ್ನೂ 10.

ಅಲ್ಲಿಂದಾಚೆ ಹೈದರಾಬಾದ್ ಸಂಬಳ ಕೊಡಲಾಗದೆ ಕುಸಿಯಿತು, ಫಿಫಾದ ವರ್ಗಾವಣೆ ನಿಷೇಧವೂ ಬಿತ್ತು. ಇಂಥ ಹೊತ್ತಿಗೆ ಆಟಗಾರನ ಕೈಯಲ್ಲಿರುವ ಅಸ್ತ್ರ ಫಿಫಾ ನಿಯಮಾವಳಿಯ 14 ಬಿಸ್ ವಿಧಿ. ಎರಡು ತಿಂಗಳ ಸಂಬಳ ಬಾಕಿ ಬಿದ್ದರೆ ಕ್ಲಬ್ಬಿಗೆ ಲಿಖಿತ ನೋಟಿಸ್ ಕೊಟ್ಟು, ಕನಿಷ್ಠ 15 ದಿನ ಗಡುವು ಇಡಬೇಕು. ಆಗಲೂ ದುಡ್ಡು ಬಾರದಿದ್ದರೆ ಒಪ್ಪಂದ ಮುರಿದು ಹೊರಡಬಹುದು, ಬಾಕಿ ಕೇಳುವ ಹಕ್ಕು ಉಳಿಯುತ್ತದೆ. ನೋಟಿಸ್ ಕೊಡದೆ ಸಿಟ್ಟಿನಲ್ಲಿ ವಿಮಾನ ಹತ್ತಿದರೆ ಕೇಸು ಬಿಗಿಯಾಗಿ ನಿಲ್ಲುವುದಿಲ್ಲ. ನಾಲ್ಕಾರು ದೇಶ ಸುತ್ತುವ ಆಟಗಾರರ ಏಜೆಂಟರು ಮೊದಲು ಕಲಿಸುವ ಪಾಠಗಳಲ್ಲಿ ಇದೂ ಒಂದಾಗಿರಬೇಕು.