ಆಳಂದದ ದಾರಿಯಲ್ಲಿ ತೊಗರಿ ಹೂವು

ಬಸ್ ಕಲಬುರಗಿ ದಾಟಿದರೆ ರಸ್ತೆಯ ಎರಡೂ ಬದಿಗೆ ಎರೆಭೂಮಿ, ಅದರ ತುಂಬ ತೊಗರಿ. ನವೆಂಬರ್ ಕೊನೆ, ಗಿಡಗಳಲ್ಲಿ ಹಳದಿ ಹೂವೂ ಎಳೆಗಾಯಿಯೂ ಒಟ್ಟಿಗೇ ಇದ್ದವು. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ತೊಗರಿಯ ಸೀಮೆ ಇದು. ನಾನು ಬಂದದ್ದು ಅದರ ಹೂವಿನಲ್ಲಿ ಮೊಟ್ಟೆಯಿಡುವ ಕಾಯಿಕೊರಕ ಪತಂಗಕ್ಕಾಗಿ.

ಆಳಂದಕ್ಕೆ ಮುಂಚೆಯೇ ಇಳಿದೆ. ರೈತರೊಬ್ಬರು ಹೂಗೊಂಚಲು ಬಾಗಿಸಿ, "ಮೊಗ್ಗು ನೋಡಿ ಸರ್" ಎಂದರು. ಅರ್ಧ ಮಿಲಿಮೀಟರ್‌ನಷ್ಟು, ಕೆನೆಬಣ್ಣದ ಒಂದೇ ಮೊಟ್ಟೆ. ಒಂದು ಹೆಣ್ಣು ಸಾವಿರದಷ್ಟು ಮೊಟ್ಟೆ ಇಡಬಲ್ಲದು, ಆದರೆ ಒಂದೆಡೆ ಗುಂಪಾಗಿ ಇಡುವುದಿಲ್ಲ. ಈ ಹುಳುಗಳು ಒಂದನ್ನೊಂದು ತಿನ್ನುತ್ತವೆ. ದೂರ ದೂರ ಇಟ್ಟರೆ ಮರಿಗಳು ಉಳಿಯುತ್ತವೆ. ಜಾಗದ ಆಯ್ಕೆಯಂತೂ ನನ್ನನ್ನು ಬೆರಗುಗೊಳಿಸಿತು. ಮೂರ್ನಾಲ್ಕು ದಿನಕ್ಕೆ ಹೊರಬರುವ ಮರಿಗೆ ಬಲಿತ ಕಾಯಿಯ ರೋಮ ದಾಟಿ ಸಿಪ್ಪೆ ಕೊರೆಯುವುದು ಕಷ್ಟ. ಮೊಗ್ಗು, ಎಸಳು ಮೆದು. ಅಲ್ಲಿ ತಿಂದು ಬೆಳೆದ ಮೇಲೆ ಕಾಯಿಗೆ ತಲೆ ತೂರಿಸಿ, ಮೈಯನ್ನು ಹೊರಗೇ ಬಿಟ್ಟು ಕಾಳು ತಿನ್ನುತ್ತದೆ.

"ಕೀಡೆ ಕಾಯಿ ಹೊಕ್ಕ ಮೇಲೆ ಎಷ್ಟು ಸಿಂಪಡಿಸಿದರೂ ಖರ್ಚೇ" ಎಂದರು ಅವರು. ಮೊಟ್ಟೆ ಕಂಡಾಗಲೇ ಶೇ. 5ರ ಬೇವಿನ ಬೀಜದ ಕಷಾಯ ಹೊಡೆಯುತ್ತಾರೆ. ದೊಡ್ಡ ಹುಳು ಕಂಡರೆ ತಾಡಪಾಲು ಹಾಸಿ ಗಿಡ ಅಲುಗಾಡಿಸಿ ಉದುರಿಸುತ್ತಾರೆ. ಔಷಧದ ಅಂಗಡಿಗೆ ಓಡುವ ಮೊದಲು ಮೊಗ್ಗು ನೋಡುವ ಇಂಥ ರೈತರ ಬಗ್ಗೆ ನನಗೆ ಬಹಳ ಗೌರವ.

ಪಕ್ಕದಲ್ಲೇ ಹಿಂಗಾರಿ ಕಡಲೆ. ಕಡಲೆ ಗಿಡದ ರೋಮಗಳು ಹುಳಿ ಒಸರುತ್ತವೆ. ರಾತ್ರಿ ಬೆಳೆಯ ಮೇಲೆ ತೆಳುಬಟ್ಟೆ ಹಾಸಿ, ಬೆಳಗ್ಗೆ ಹಿಂಡಿ ಆ ಹುಳಿಯನ್ನು ಹೊಟ್ಟೆಯ ಮದ್ದಿಗೆ ಇಟ್ಟುಕೊಳ್ಳುವವರಿದ್ದಾರೆ. ಅದರಲ್ಲಿರುವ ಆಕ್ಸಾಲಿಕ್ ಆಮ್ಲ ಕಾಯಿಕೊರಕದ ಬೆಳವಣಿಗೆಯನ್ನು ಕುಂಠಿಸುತ್ತದೆ. ಆದರೂ ಅದೇ ಪತಂಗ ಇಲ್ಲಿಯೂ ಮೊಟ್ಟೆಯಿಡುತ್ತದೆ, ಅದೂ ಹೂವಿಗೆ ಕಾಯದೆ ಎಳೆ ಎಲೆಯ ಮೇಲೆಯೇ! ತೊಗರಿಯಲ್ಲಿ ಅಷ್ಟು ಕರಾರುವಾಕ್ಕಾಗಿ ಕಂಡ ತಾಯಿಯ ಆಯ್ಕೆ ಇಲ್ಲಿ ಮರಿಗಳಿಗೆ ಪೂರ್ತಿ ಒಗ್ಗುವುದಿಲ್ಲ. ಎಲ್ಲವೂ ಸಾಯುವುದಿಲ್ಲ ಎಂಬುದೇ ಕಡಲೆ ಬೆಳೆಗಾರರ ಸಂಕಟ. ಹುಳಿಯ ಈ ಗುಣವನ್ನು ಬಳಸಿಕೊಳ್ಳಬಹುದೇ ಎಂದು ತಳಿ ವಿಜ್ಞಾನಿಗಳೂ ಪರೀಕ್ಷಿಸಿದ್ದಾರೆ.

ಕಡಲೆ ಸಾಲಿನಲ್ಲಿ ಎಲೆ ಮಗುಚಿ ನೋಡುತ್ತಿದ್ದ ಹಿರಿಯ ಹೆಂಗಸನ್ನು, "ಯಾವಾಗಿನಿಂದ ನೋಡುತ್ತೀರಿ ಅವ್ವ?" ಎಂದು ಕೇಳಿದೆ.

"ತೊಗರಿಯನ್ನು ಮೊಗ್ಗು ಬಂದಾಗಿನಿಂದ ನೋಡುತ್ತೇವಪ್ಪ. ಕಡಲೆಯನ್ನು ಮೊಳೆತಾಗಿನಿಂದಲೇ."