ಪಕ್ಕದ್ಮನೆ ತಾತನ ಡಬ್ಬಿ

ನಾಲ್ಕು ದಿನದಿಂದ ನಮ್ಮ ಚಪ್ಪಲಿ ಸ್ಟ್ಯಾಂಡಿನ ಮೇಲೆ ಒಂದು ತಗಡಿನ ಡಬ್ಬಿ ಕೂತಿದೆ. ಒಳಗೆ ಸ್ಕ್ರೂಡ್ರೈವರ್‌ಗಳು, ಒಂದು ಸೋಲ್ಡರಿಂಗ್ ಐರನ್. ಪಕ್ಕದ್ಮನೆ ತಾತ ಕೊಟ್ಟಿದ್ದು. "ನಾನು ಬರ್ಲಿ ಬಿಡ್ಲಿ, ಇದು ಕ್ಲಬ್ಬಲ್ಲೇ ಇರಲಿ" ಅಂದರಂತೆ ನನ್ನ ಮಗಳಿಗೆ.

ಮಗಳು ಇಲ್ಲೇ ಬಾಸ್ಟನ್ ಹತ್ತಿರದ ಕಾಲೇಜಿನಲ್ಲಿ ಎರಡನೇ ವರ್ಷ. ಅಲ್ಲಿನ ಕಂಪ್ಯೂಟರ್ ಕ್ಲಬ್ಬಿಗೆ ತಾತ ಪ್ರತಿ ಗುರುವಾರ ಹೋಗುತ್ತಾರೆ. 1957ರಲ್ಲಿ ಮೇನಾರ್ಡ್ ಎಂಬ ಊರಿನ ಹಳೇ ಉಣ್ಣೆ ಗಿರಣಿಯೊಳಗೆ ಶುರುವಾದ ಡಿಜಿಟಲ್ ಎಂಬ ಕಂಪ್ಯೂಟರ್ ಕಂಪನಿಯಲ್ಲಿ ದುಡಿದವರು. ಕೆಟ್ಟ ಬೋರ್ಡನ್ನು ಮೂಸಿಯೇ ಎಲ್ಲಿ ಸುಟ್ಟಿದೆ ಅಂತ ಹೇಳುತ್ತಾರೆ. ಈಗ ಕ್ಲಬ್ಬಿನಲ್ಲಿ ಓಟು ಹಾಕುತ್ತಾರಂತೆ, ಕಾಲೇಜಿನ ಐಡಿ ಕಾರ್ಡ್ ಇದ್ದವರಿಗೆ ಮಾತ್ರ ಪ್ರವೇಶ ಅಂತ.

ನಾನು ರೇಗಿದೆ. ಮಗಳು ತಣ್ಣಗೆ ಹೇಳಿದಳು: "ಅಪ್ಪಾ, ರಾತ್ರಿ ಹನ್ನೊಂದಕ್ಕೆ ಗುರುತಿಲ್ಲದ ಗಂಡಸರ ಜೊತೆ ಒಂದೇ ರೂಮಲ್ಲಿ ಕೂತು ಕೆಲಸ ಮಾಡೋಳು ನಾನು. ತಾತನಿಗೋಸ್ಕರ ಬಾಗಿಲು ತೆಗೆದ್ರೆ ಅದು ಎಲ್ಲರಿಗೂ ತೆಗೆದ ಹಾಗೇ ಅಲ್ವಾ?"

ಆ ಮಾತು ನನಗೆ ಹೊಳೆದೇ ಇರಲಿಲ್ಲ. ಆದರೂ ಸುಮ್ಮನಿರಲಿಲ್ಲ. ಇಲ್ಲೇ ಹತ್ತಿರದ ಎಂಐಟಿ ಎಂಬ ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ 1950ರ ದಶಕದ ಕೊನೆಗೆ, ರೈಲಿನ ಮಾದರಿ ಕಟ್ಟುತ್ತಿದ್ದ ಕ್ಲಬ್ಬಿನ ಹುಡುಗರು ರಾತ್ರಿಯೆಲ್ಲ ಟಿಎಕ್ಸ್-0 ಎಂಬ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಅವರ ಮಧ್ಯೆ ಪೀಟರ್ ಡಾಯ್ಚ್ ಅಂತ ಒಬ್ಬ ಶಾಲಾ ಹುಡುಗ ಬಂದು ಸೇರಿಕೊಂಡ. ಮುಂದೆ ಪಿಡಿಎಫ್‌ನಂಥ ಕಡತ ತೆರೆದು ಪ್ರಿಂಟ್ ಮಾಡಿಸುವ ಘೋಸ್ಟ್‌ಸ್ಕ್ರಿಪ್ಟ್ ಎಂಬ ಸಾಫ್ಟ್‌ವೇರ್ ಬರೆದವನು ಅವನೇ. ಇದನ್ನೆಲ್ಲ ಹೇಳಿದೆ.

"ಅವನಪ್ಪ ಅಲ್ಲೇ ಪ್ರೊಫೆಸರ್ ಆಗಿದ್ರು ಅಪ್ಪಾ" ಅಂದಳು.

ಗೊತ್ತಿತ್ತು. ಬೇಕಂತಲೇ ಬಿಟ್ಟಿದ್ದೆ.

ನಮ್ಮೂರಲ್ಲೂ ಹಾಗೇ. ನಾನು ಪಿಯುಸಿಯಲ್ಲಿದ್ದಾಗ ಊರಿನ ಇಂಜಿನಿಯರಿಂಗ್ ಕಾಲೇಜಿಗೆ ಕಂಪ್ಯೂಟರ್ ಲ್ಯಾಬ್ ಬಂತು. ಚಪ್ಪಲಿ ಹೊರಗೆ, ಎಸಿ ಒಳಗೆ. ಕಿಟಕಿ ಗಾಜಿಗೆ ಮೂಗು ಒತ್ತಿ ನಿಂತಿದ್ದೆ. ವಾಚ್‌ಮನ್ ಬಂದು "ಏಯ್, ಹೊರಗಿನೋರು ಬರಂಗಿಲ್ಲ" ಅಂತ ಓಡಿಸಿದ. ನನ್ನದೇ ಕ್ಲಾಸಿನ ಪ್ರಿನ್ಸಿಪಾಲರ ಮಗ ಒಳಗೆ ಕೂತು ಆಟ ಆಡುತ್ತಿದ್ದ. ಅವನ ಚಪ್ಪಲಿ ನನ್ನ ಕಾಲ ಹತ್ತಿರವೇ ಇತ್ತು. ಎತ್ತಿ ಬಿಸಾಕಬೇಕು ಅನ್ನಿಸಿತ್ತು, ನಿಜ ಹೇಳಬೇಕೆಂದರೆ.

ನಮ್ಮ ಕಡೆ ಗೇಟು ಇವತ್ತಿಗೂ ತೆರೆದಿಲ್ಲ. ಕಳೆದ ಸಲ ಹೋದಾಗ ಲ್ಯಾಬ್ ನೋಡೋಣ ಅಂದರೆ ಪತ್ರ ತನ್ನಿ ಅಂದರು. ಆದರೆ ಬೆಂಗಳೂರಿನ ಸುದರ್ಶನ ಲೇಔಟಿನ ಕೊಳೆಗೇರಿಯಲ್ಲಿ ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್ ಅಂತ ಒಂದು ಶುರುವಾಗಿತ್ತು. ಸಾಫ್ಟ್‌ವೇರ್ ಅನ್ನು ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚುವಂತಿರಬೇಕು ಅನ್ನುವ ಫ್ರೀ ಸಾಫ್ಟ್‌ವೇರ್ ಚಳವಳಿಯ ಹುಡುಗ ಹುಡುಗಿಯರು ಅಲ್ಲಿಗೇ ಹೋಗಿ ಕಲಿಸಿದರು. ಕ್ಯಾಂಪಸ್ಸಿಗೆ ಬಿಡದಿದ್ದರೆ ಕಂಪ್ಯೂಟರನ್ನೇ ಓಣಿಗೆ ಒಯ್ಯೋದು! ಇದನ್ನು ಮಗಳಿಗೆ ಹೇಳಿದಾಗ ಮೊದಲ ಸಲ ಫೋನ್ ಕೆಳಗಿಟ್ಟು ಕೇಳಿಸಿಕೊಂಡಳು.

"ಹಗಲು ಹೊತ್ತು ಹೊರಗಿನವರಿಗೂ, ರಾತ್ರಿ ನಮಗೆ ಮಾತ್ರ ಅಂದ್ರೆ?" ಅಂತ ತನ್ನಷ್ಟಕ್ಕೇ ಗೊಣಗಿಕೊಂಡಳು. ಆಮೇಲೆ, "ಇನ್ಶೂರೆನ್ಸ್‌ನವರು ಒಪ್ಪಲ್ಲ."

ಓಟು ಗುರುವಾರ. ನಿನ್ನೆ ಸಂಜೆ ತಾತ ಕಸದ ಡಬ್ಬ ಎಳೆದುಕೊಂಡು ಬರುತ್ತಾ ಎದುರು ಸಿಕ್ಕರು. ಕ್ಲಬ್ಬಿನ ಮಾತು ಎತ್ತಲೇ ಇಲ್ಲ. ಡಬ್ಬಿಯಲ್ಲಿರುವ ಸಣ್ಣ ಸ್ಕ್ರೂಡ್ರೈವರಿನ ಹಿಡಿ ಸ್ವಲ್ಪ ಸಡಿಲ ಇದೆ, ಮಕ್ಕಳಿಗೆ ಹುಷಾರು ಅಂತ ಹೇಳು ಅಂದರು.